ಓದಿಸಿದ್ದರಿಂದ ಮನೆಗೆ ಏನು ಬಂತು? ಅಪ್ಪನ ಲೆಕ್ಕಕ್ಕೆ ಉತ್ತರ ಬೇಕು

ಪ್ರಶ್ನೆ: ಮುತ್ಯಾನ ಮೊಮ್ಮಗ

ಎಲ್ಲರಿಗೂ ನಮಸ್ಕಾರ. ನಾನು ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನವನು. ವಯಸ್ಸು 24. ಬಿಎ ಮುಗಿಸಿ, ಈಗ ಬೆಂಗಳೂರಿನ ಹೊಸಕೋಟೆ ಕಡೆ ಒಂದು ಗೋದಾಮಿನಲ್ಲಿ ಬಂದ ಸರಕು ಎಣಿಸಿ ಸ್ಕ್ಯಾನ್ ಮಾಡುವ ಕೆಲಸದಲ್ಲಿದ್ದೇನೆ. ಕೈಗೆ ಬರುವುದು ತಿಂಗಳಿಗೆ 15,500. ಮೂವರು ಸೇರಿ ಕೋಣೆ ಹಿಡಿದಿದ್ದೇವೆ. ಆದರೂ ಬಾಡಿಗೆ, ಊಟ, ಬಸ್ಸು ಕಳೆದರೆ ಊರಿಗೆ ಕಳುಹಿಸಲು ಉಳಿಯುವುದು ಐದು ಸಾವಿರ. ಕೆಲವು ತಿಂಗಳು ಅದೂ ಇಲ್ಲ.

ನನ್ನ ವಿಷಯ ಬಿಡಿ, ತಂಗಿಯ ವಿಷಯ ಕೇಳಲು ಬಂದಿದ್ದೇನೆ. ಈ ಸಲ ಎಸ್ಸೆಸ್ಸೆಲ್ಸಿಯಲ್ಲಿ ಅವಳಿಗೆ 625ಕ್ಕೆ 538 ಬಂದಿದೆ. ಊರಿನ ಸರ್ಕಾರಿ ಪ್ರೌಢಶಾಲೆ, ಕನ್ನಡ ಮಾಧ್ಯಮ, ಟ್ಯೂಷನ್ ಇಲ್ಲ. ಅಪ್ಪ, ಅವ್ವ ದೀಪಾವಳಿ ಕಳೆದ ಮೇಲೆ ಬೆಂಗಳೂರಿಗೆ ಗುಳೆ ಬಂದರೆ ವಾಪಸಾಗುವುದು ಮುಂಗಾರಿನ ಹೊತ್ತಿಗೆ. ಅಷ್ಟೂ ತಿಂಗಳು ಇವಳು ಅಜ್ಜಿಯ ಜೊತೆ ಇದ್ದು, ರೊಟ್ಟಿ ಬಡಿದು, ನೀರು ತಂದು, ಎರಡು ಆಡು ನೋಡಿಕೊಂಡು ಓದಿದವಳು. ಫಲಿತಾಂಶದ ದಿನ ಫೋನಿನಲ್ಲಿ ಒಂದೊಂದೇ ವಿಷಯದ ಅಂಕ ಹೇಳಿದಳು. ಗಣಿತ ಕೊನೆಗೆ ಹೇಳಿದಳು, ಅದರಲ್ಲೇ ಹೆಚ್ಚು ಬಂದಿತ್ತು.

ಕಳೆದ ಭಾನುವಾರ ಅಪ್ಪ ಇರುವ ತಗಡಿನ ಶೆಡ್ಡಿಗೆ ಹೋಗಿ ಮಾತು ತೆಗೆದೆ. ಅಪ್ಪ ಬೈಯಲಿಲ್ಲ. ಬೈದಿದ್ದರೆ ನಾನೂ ಎದುರಾಡುತ್ತಿದ್ದೆ. ಒಂದು ಕಡ್ಡಿ ತೆಗೆದುಕೊಂಡು ಜಲ್ಲಿಪುಡಿಯ ಮೇಲೆ ಗೆರೆ ಎಳೆಯತೊಡಗಿದ. ಅವನಿಗೆ ಅಕ್ಷರ ಬರುವುದಿಲ್ಲ, ಗೆರೆಗಳೇ ಅವನ ಅಂಕಿ. ಎರಡು ಗೆರೆ ನನ್ನ ಪಿಯುಸಿ, ಮೂರು ಗೆರೆ ಬಿಎ. "ಐದು ವರ್ಷ ನೀನು ದುಡಿಯಲಿಲ್ಲ. ನಿನ್ನ ಮಾವನ ಮಗ ಏಳನೇ ತರಗತಿಗೇ ಶಾಲೆ ಬಿಟ್ಟ. ಇದೇ ಐದು ವರ್ಷದಲ್ಲಿ ಸೆಂಟ್ರಿಂಗ್ ಕಲಿತ. ಇವತ್ತು ದಿನಕ್ಕೆ ಒಂಬೈನೂರು ಎಣಿಸುತ್ತಾನೆ. ನಿನಗೆ ದಿನಕ್ಕೆ ಎಷ್ಟು ಬಿತ್ತು, ನೀನೇ ಹೇಳು, ಓದಿದವನು." ಅವನಿಗೆ ಗೊತ್ತಿಲ್ಲದೆ ಕೇಳಿದ್ದಲ್ಲ. ಆಮೇಲೆ ಕಡ್ಡಿ ಎಸೆದು, ತಂಗಿ ಮುಂದಿನ ಸಲ ನಮ್ಮ ಜೊತೆಗೇ ಬರಲಿ, ಅಡುಗೆ ನೋಡಿಕೊಳ್ಳಲಿ, ಕೈಲಾದಷ್ಟು ಹೆಲ್ಪರ್ ಕೆಲಸ ಮಾಡಲಿ, ಹದಿನೆಂಟು ತುಂಬಿದ ಮೇಲೆ ಸೋದರತ್ತೆಯ ಮಗನಿಗೆ ಕೊಟ್ಟರಾಯಿತು ಎಂದ.

ಅಪ್ಪ ಕೆಟ್ಟವನಲ್ಲ. ನನ್ನ ಪಿಯುಸಿಯ ಹೊತ್ತಿಗೆ ಮೇಸ್ತ್ರಿಯ ಹತ್ತಿರ ಮುಂಗಡ ತೆಗೆದುಕೊಂಡು, ಅದನ್ನು ತೀರಿಸಲು ಒಂದು ಮುಂಗಾರಿಗೆ ಊರಿಗೇ ಹೋಗದೆ ಇಲ್ಲೇ ದುಡಿದವನು. ಓದಿದರೆ ಬಡತನ ಹೋಗುತ್ತದೆ ಎಂದು ನಮ್ಮ ಶಾಲೆಯ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಬರೆದಿತ್ತು. ಅದನ್ನು ಅವನು ಓದಲಾರದಿದ್ದರೂ ನಂಬಿದ್ದ. ಈಗ ಅವನನ್ನು ಒಪ್ಪಿಸಲು ನನ್ನನ್ನೇ ಉದಾಹರಣೆಯಾಗಿ ತೋರಿಸುವಂತಿಲ್ಲ, ನಾನು ಎದುರು ಪಕ್ಷದ ಸಾಕ್ಷಿ.

ನಾನು ಓದಿ ಮನೆಗೆ ಮಾಡಿದ್ದು ಎಂದರೆ ಒಂದೇ. ಮುತ್ಯಾ ತೀರಿಕೊಂಡು ಹನ್ನೊಂದು ವರ್ಷವಾದರೂ ಮೂರೂವರೆ ಎಕರೆಯ ಪಹಣಿ ಅವನ ಹೆಸರಿನಲ್ಲೇ ಇತ್ತು. ಬಿಎ ಎರಡನೇ ವರ್ಷದಲ್ಲಿ ಓಡಾಡಿ ಪೌತಿ ಖಾತೆ ಮಾಡಿಸಿ ಅಪ್ಪನ ಹೆಸರಿಗೆ ತಂದೆ. ಪಕ್ಕದ ಹೊಲದವರ ಜೊತೆ ಬದುವಿನ ತಕರಾರಿತ್ತು, ಹದ್ದುಬಸ್ತು ಅಳತೆಗೂ ಅರ್ಜಿ ಹಾಕಿ ಕಲ್ಲು ನೆಡಿಸಿದೆ. ಆಮೇಲೆ ಸೊಸೈಟಿಯಲ್ಲಿ ಅಪ್ಪನಿಗೆ 50,000 ಬೆಳೆ ಸಾಲವೂ ಸಿಕ್ಕಿತು. ಅದಕ್ಕೂ ಮೊದಲು ಬೀಜ, ಗೊಬ್ಬರದ ಅಂಗಡಿಯವರ ಹತ್ತಿರ ನೂರಕ್ಕೆ ಮೂರರಂತೆ ತರುತ್ತಿದ್ದೆವು. ಆದರೆ ಇದಕ್ಕೆಲ್ಲ ಬಿಎ ಬೇಕಿರಲಿಲ್ಲ ಎಂದು ನನಗೂ ಗೊತ್ತು.

ಎರಡು ಪ್ರಶ್ನೆ. ಅಪ್ಪನಿಗೆ ಏನು ಹೇಳಲಿ? ತಂಗಿಗೆ ಏನು ಓದಿಸಲಿ: ಪಿಯು ವಿಜ್ಞಾನವೋ, ನರ್ಸಿಂಗೋ, ಡಿಪ್ಲೊಮಾವೋ? ಭಾಷಣ ಬೇಡ. ಹಳ್ಳಿಯಿಂದ ಓದಿ ಬಂದವರು, ಓದಿಸಿದವರು ತಮ್ಮ ಅನುಭವ ಹೇಳಿದರೆ ಸಾಕು.


ಉತ್ತರ: ನಿವೃತ್ತ ಮೇಷ್ಟ್ರು

ತಮ್ಮಾ, ನಿನ್ನ ತಂದೆಯ ಲೆಕ್ಕದಲ್ಲಿ ತಪ್ಪಿಲ್ಲ. ಎರಡು ಸಾಲು ಬಿಟ್ಟುಹೋಗಿವೆ, ಅಷ್ಟೇ. ಮೂವತ್ತೆರಡು ವರ್ಷ ನಿಮ್ಮದೇ ಜಿಲ್ಲೆಯಲ್ಲಿ ಪಾಠ ಮಾಡಿದವನು ನಾನು, ಅದರಲ್ಲಿ ಹದಿನಾಲ್ಕು ವರ್ಷ ನಿಮ್ಮ ತಾಲ್ಲೂಕಿನಲ್ಲಿ.

ಮೊದಲ ಸಾಲು ನೀನೇ ಬರೆದು ನೀನೇ ಎಣಿಸದೆ ಬಿಟ್ಟಿದ್ದೀಯೆ. ನೂರಕ್ಕೆ ಮೂರು ಎಂದರೆ 50,000ಕ್ಕೆ ತಿಂಗಳಿಗೆ 1,500. ವರ್ಷಕ್ಕೆ 18,000. ಸೊಸೈಟಿಯ ಬೆಳೆ ಸಾಲವನ್ನು ಗಡುವಿನೊಳಗೆ ಕಟ್ಟಿದರೆ ಬಡ್ಡಿಯೇ ಇಲ್ಲ. ಆ 18,000 ಈಗ ಯಾರ ಜೇಬಿನಲ್ಲಿದೆ? ಪಹಣಿ ಮುತ್ಯಾನ ಹೆಸರಿನಲ್ಲಿದ್ದಾಗ ಬೆಳೆ ಹಾನಿಯ ಪರಿಹಾರ ಬಂದಿತ್ತೇ? ಪಿಎಂ ಕಿಸಾನ್‌ನ ವರ್ಷದ 6,000 ಬರುತ್ತಿತ್ತೇ? ಬಂದಿರಲಾರದು. ಸತ್ತವರ ಖಾತೆಗೆ ಯಾರೂ ಹಣ ಹಾಕುವುದಿಲ್ಲ. ಇದಕ್ಕೆ ಬಿಎ ಬೇಕಿರಲಿಲ್ಲ ಎನ್ನುತ್ತೀಯೆ. ಸರಿ, ಬೇಕಿರಲಿಲ್ಲ. ಆದರೆ ಸೆಂಟ್ರಿಂಗ್ ಕೆಲಸದ ನಿನ್ನ ಮಾವನ ಮಗ ತನ್ನ ಮನೆಯ ಪಹಣಿ ಮಾಡಿಸಿದ್ದಾನೆಯೇ ಕೇಳು. ನಾಡಕಚೇರಿಯ ಕಿಟಕಿಯ ಮುಂದೆ ನಿಂತು, "ಇವತ್ತು ಆಗುವುದಿಲ್ಲ" ಎಂದಾಗ "ಯಾಕೆ ಆಗುವುದಿಲ್ಲ, ಬರೆದು ಕೊಡಿ" ಎನ್ನಲು ಒಂದು ಧೈರ್ಯ ಬೇಕು. ಅದು ಯಾವ ವಿಷಯದ ಪಠ್ಯದಲ್ಲೂ ಇಲ್ಲ, ಆದರೆ ಹತ್ತು ಹದಿನೈದು ವರ್ಷ ಕಾಗದದ ಜೊತೆ ಬದುಕಿದವನಿಗೆ ತಾನಾಗಿ ಬರುತ್ತದೆ.

ಎರಡನೆಯ ಸಾಲು ಮೈಯದ್ದು. ದಿನಕ್ಕೆ ಒಂಬೈನೂರು ನಿಜ. ಮಳೆ ಬಂದ ದಿನ ಇಲ್ಲ, ಕಬ್ಬಿಣ ಬಾರದ ದಿನ ಇಲ್ಲ, ಸೊಂಟ ಹಿಡಿದ ದಿನ ಇಲ್ಲ. ನಲವತ್ತೈದು ದಾಟಿದ ಮೇಲೆ ಮೂರನೇ ಮಹಡಿಯ ಹಲಗೆಯ ಮೇಲೆ ಅವನನ್ನು ಯಾರೂ ಹತ್ತಿಸುವುದಿಲ್ಲ. ನಿನ್ನ ಸಂಬಳದಲ್ಲಿ ಪಿಎಫ್, ಇಎಸ್‌ಐ (ನೌಕರರ ಆಸ್ಪತ್ರೆ ಖರ್ಚಿನ ವಿಮೆ) ಹಿಡಿಯುತ್ತಾರೆಯೇ? ಹಿಡಿಯುತ್ತಿದ್ದರೆ ನಿನ್ನ ಮೇಲೆ ಅವಲಂಬಿತರಾದ ತಂದೆ ತಾಯಿಯ ಹೆಸರನ್ನೂ ಇಎಸ್‌ಐ ಕಾರ್ಡಿಗೆ ಸೇರಿಸಲು ಅವಕಾಶವಿದೆ. ಸೇರಿಸಿದ್ದೀಯಾ? ನನಗೆ ಅನುಮಾನ.

ಇನ್ನು ಆ ಗೋಡೆಯ ಬರಹ. ಅದರಲ್ಲಿ ನನ್ನಂಥವರ ಪಾಲೂ ಇದೆ, ಒಪ್ಪಿಕೊಳ್ಳುತ್ತೇನೆ. ನಾವು ಮನೆಮನೆಗೆ ಹೋಗಿ "ಓದಿಸಿ, ನೌಕರಿ ಸಿಗುತ್ತದೆ" ಎನ್ನುತ್ತಿದ್ದೆವು. ಮಕ್ಕಳನ್ನು ಶಾಲೆಗೆ ತರುವ ಆತುರದಲ್ಲಿ ಆಡಿದ ಮಾತು. ಒಂದು ಶನಿವಾರ ಸಂತೆಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ ಸಿಕ್ಕರು. ನನ್ನನ್ನು ಕೂರಿಸಿ ಚಹಾ ಕುಡಿಸಿದರು. ಲೋಟ ಇಟ್ಟ ಮೇಲೆ ಬಹಳ ಮರ್ಯಾದೆಯಿಂದಲೇ ಕೇಳಿದರು: "ಆ ನೌಕರಿ ಯಾವಾಗ ಬರುತ್ತದೆ, ಸರ್?" ಮಗ ಬಿಎ, ಬಿಎಡ್ ಮುಗಿಸಿ ಮನೆಯಲ್ಲಿದ್ದ. ಅಂದಿನಿಂದ ನಾನು ನೌಕರಿಯ ಮಾತು ಆಡಿದವನಲ್ಲ. ಮಗ ಓದಿದರೆ ನಿಮ್ಮ ಹೆಬ್ಬೆಟ್ಟನ್ನು ಯಾರು ಎಲ್ಲಿ ಒತ್ತಿಸಿಕೊಂಡರು ಎಂಬುದಾದರೂ ತಿಳಿಯುತ್ತದೆ ಎನ್ನುತ್ತಿದ್ದೆ. ಈ ಮಾತಿಗೆ ಮೊದಲಿನಷ್ಟು ಮಕ್ಕಳು ಬರಲಿಲ್ಲ. ಬಂದವರು ಮಾತ್ರ ಅರ್ಧಕ್ಕೆ ಬಿಡಲಿಲ್ಲ.

ನಾನು ಕಂಡ ಹಾಗೆ ನಮ್ಮ ಕಡೆಯ ಮಕ್ಕಳು ಶಾಲೆ ಬಿಡುವುದು ದಡ್ಡತನದಿಂದ ಅಲ್ಲ, ಮೆಟ್ಟಿಲು ದೊಡ್ಡದಾದ ಕಡೆ ಬಿಡುತ್ತಾರೆ. ಐದರಿಂದ ಆರಕ್ಕೆ, ಏಳರಿಂದ ಎಂಟಕ್ಕೆ, ಹತ್ತರಿಂದ ಪಿಯುಗೆ. ಪ್ರತಿ ಸಲವೂ ಶಾಲೆ ಇನ್ನಷ್ಟು ದೂರ ಹೋಗುತ್ತದೆ, ಮಗುವಿನ ಕೂಲಿ ಇನ್ನಷ್ಟು ಹೆಚ್ಚುತ್ತದೆ. ಆ ಜಾಗದಲ್ಲಿ ಒಂದು ಆಸರೆ ಇದ್ದರೆ ದಾಟುತ್ತಾರೆ. 2002ರವರೆಗೆ ನಮ್ಮಲ್ಲಿ ಮಗುವಿಗೆ ತಿಂಗಳಿಗೆ 3 ಕಿಲೋ ಧಾನ್ಯ ಕೊಡುತ್ತಿದ್ದರು, ಶೇ 80 ಹಾಜರಿ ಇರಬೇಕೆಂಬ ನಿಯಮ. ಹಸಿದ ಮನೆಗೆ ಧಾನ್ಯ ತಪ್ಪಬಾರದೆಂದು ನಾವೇ ಹಾಜರಿ ತುಂಬುತ್ತಿದ್ದೆವು. ಮಗು ಹತ್ತಿ ಹೊಲದಲ್ಲಿ ಕ್ರಾಸಿಂಗ್ ಕೆಲಸಕ್ಕೆ, ಅಂದರೆ ಬೀಜಕ್ಕಾಗಿ ಹೂವಿನಿಂದ ಹೂವಿಗೆ ಪರಾಗ ಮುಟ್ಟಿಸಲು, ಹೋಗಿರುತ್ತಿತ್ತು, ಹಾಜರಿ ಪುಸ್ತಕದಲ್ಲಿ ಬೆಂಚಿನ ಮೇಲೆ ಕುಳಿತಿರುತ್ತಿತ್ತು. ಆ ವರ್ಷ ಅಕ್ಷರ ದಾಸೋಹ ಶುರುವಾಯಿತು, ರಾಜ್ಯದಲ್ಲಿ ಮೊದಲು ನಮ್ಮ ಕಡೆಯ ಏಳು ಜಿಲ್ಲೆಗಳಲ್ಲೇ. ಬಿಸಿ ಅನ್ನವನ್ನು ಹಾಜರಿ ಪುಸ್ತಕಕ್ಕೆ ಬಡಿಸಲು ಬರುವುದಿಲ್ಲವಲ್ಲ, ಮಗುವೇ ಬರಬೇಕು. ಮಧ್ಯಾಹ್ನದ ಗಂಟೆಯಾದ ಮೇಲೆ ಖಾಲಿಯಾಗುತ್ತಿದ್ದ ನನ್ನ ಐದನೇ ತರಗತಿ ಸಂಜೆಯವರೆಗೆ ತುಂಬಿರತೊಡಗಿತು. ಮೂರು ಗಂಟೆಗೆ ಇಷ್ಟು ಜನರಿಗೆ ಏನು ಪಾಠ ಮಾಡುವುದು ಎಂದು ನಾನೇ ಗಾಬರಿಯಾದದ್ದು ನೆನಪಿದೆ.

ನಿನ್ನ ತಂಗಿ ಈಗ ನಿಂತಿರುವುದು ಕೊನೆಯ ದೊಡ್ಡ ಮೆಟ್ಟಿಲಿನ ಹತ್ತಿರ. ಅವಳಿಗೆ ಬೇಕಾದ ಆಸರೆ ಹಾಸ್ಟೆಲ್. ತಾಲ್ಲೂಕಿನಲ್ಲೋ ರಾಯಚೂರಿನಲ್ಲೋ ಸರ್ಕಾರಿ ಹಾಸ್ಟೆಲ್ ಸಿಕ್ಕರೆ ತಂದೆಯ ಖರ್ಚು ಬಹುಮಟ್ಟಿಗೆ ಇಳಿಯುತ್ತದೆ. ಹಾಸ್ಟೆಲ್ ಸಿಗದೆ ಪಿಯುಗೆ ಸೇರಿಸಿ ದಿನಾ ಊರಿಂದ ಓಡಾಡಿಸಿದರೆ ದಸರೆಯ ಹೊತ್ತಿಗೆ ಅವಳೇ ಬಿಡುತ್ತಾಳೆ.

ಯಾವ ಓದು ಎಂಬುದಕ್ಕೆ ಒಂದೇ ಎಚ್ಚರಿಕೆ. 538 ಬಂತೆಂದು ಕಣ್ಣು ಮುಚ್ಚಿ ವಿಜ್ಞಾನಕ್ಕೆ ಹಾಕಬೇಡ. ಕನ್ನಡದಲ್ಲಿ ಜೀವಕೋಶ, ವೇಗೋತ್ಕರ್ಷ ಓದಿದ ಮಗು ಒಂದೇ ಬೇಸಿಗೆಯಲ್ಲಿ ಎಲ್ಲವನ್ನೂ ಇಂಗ್ಲಿಷಿನಲ್ಲಿ ಓದಬೇಕಾಗುತ್ತದೆ. ಜಾಣ ಮಕ್ಕಳೇ ಮೊದಲ ಕಿರುಪರೀಕ್ಷೆಯಲ್ಲಿ ಹನ್ನೆರಡು ಅಂಕ ತೆಗೆದು, ನಾಚಿಕೆಯಿಂದ ಮನೆಯಲ್ಲಿ ಹೇಳದೆ ಕುಗ್ಗಿ ಹೋದದ್ದನ್ನು ಕಂಡಿದ್ದೇನೆ. ಸೇರಿಸುವುದಾದರೆ ಮೊದಲ ಆರು ತಿಂಗಳು ಅವಳ ಬೆನ್ನಿಗೆ ಯಾರಾದರೂ ಇರಬೇಕು. ಆ ಯಾರಾದರೂ ನೀನೇ.


ಉತ್ತರ: ಗ್ರಾಮ ಒನ್ ಕೌಂಟರ್

ಮೇಷ್ಟ್ರು ಚಂದವಾಗಿ ಬರೆದಿದ್ದಾರೆ. ಸಂತೆಯಲ್ಲಿ ಚಹಾ ಕುಡಿಸಿದವರು ನನ್ನ ಅಪ್ಪನೇ ಇರಬಹುದು. ಅಲ್ಲದಿದ್ದರೂ ಕಥೆ ನನ್ನದೇ.

ಎಂಎ ಮಾಡಿ ಧಾರವಾಡದಲ್ಲಿ ಆರು ವರ್ಷ ಕೋಣೆ ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗೆ ಓದಿದೆ. ಒಂದು ಪರೀಕ್ಷೆ ಮುಂದಕ್ಕೆ ಹೋಯಿತು, ಒಂದು ರದ್ದಾಯಿತು, ಒಂದರಲ್ಲಿ ಎರಡು ಅಂಕಕ್ಕೆ ತಪ್ಪಿತು. ಅಷ್ಟರಲ್ಲಿ ವಯಸ್ಸು 31. ಆ ಆರು ವರ್ಷದ ಖರ್ಚಿಗೆ ಅಪ್ಪ ಎರಡು ಎಕರೆ ಒತ್ತೆ ಇಟ್ಟರು. ಹಾಗಾಗಿ ಓದಿನಿಂದ ಬಡತನ ಹೋಗುತ್ತದೆ ಎಂದು ಯಾರಾದರೂ ಅಂದರೆ, ಯಾವ ಓದು, ಎಷ್ಟು ವರ್ಷ, ಅಲ್ಲಿಯವರೆಗೆ ಊಟ ಹಾಕುವವರು ಯಾರು ಎಂದು ತಿರುಗಿ ಕೇಳುತ್ತೇನೆ. ನಿನ್ನ ತಂದೆ ಕೇಳಿದ್ದೂ ಅದನ್ನೇ, ಕಡ್ಡಿಯಲ್ಲಿ.

ಈಗ ಊರಲ್ಲೇ ಗ್ರಾಮ ಒನ್ ಕೇಂದ್ರ ನಡೆಸುತ್ತೇನೆ. ದಿನವಿಡೀ ಬೇರೆಯವರ ಅರ್ಜಿ ತುಂಬುವುದು. ಆದ್ದರಿಂದ ತತ್ವ ಬಿಟ್ಟು ಕಾಗದಕ್ಕೆ ಬರುತ್ತೇನೆ, ಈ ತಿಂಗಳು ದಾಟಿದರೆ ತತ್ವದಿಂದ ಸೀಟು ಸಿಗುವುದಿಲ್ಲ.

ಮೊದಲು ಜಾತಿ, ಆದಾಯ ಪ್ರಮಾಣಪತ್ರ ತೆಗೆದು ನೋಡು. ಆದಾಯದ್ದು ಐದು ವರ್ಷಕ್ಕೆ ಮುಗಿಯುತ್ತದೆ. ತಂಗಿ ಐದನೇ ತರಗತಿಯಲ್ಲಿದ್ದಾಗ ಮಾಡಿಸಿದ್ದನ್ನೇ ಲ್ಯಾಮಿನೇಷನ್ ಮಾಡಿಸಿ ಇಟ್ಟುಕೊಂಡಿರುತ್ತೀರಿ. ನನ್ನ ಕೌಂಟರಿಗೆ ಬರುವವರಲ್ಲಿ ಹೆಚ್ಚಿನವರು ಹೀಗೇ ಬರುತ್ತಾರೆ, ಲ್ಯಾಮಿನೇಷನ್ ಹೊಳೆಯುತ್ತಿರುತ್ತದೆ, ಅವಧಿ ಮುಗಿದಿರುತ್ತದೆ. ಪತ್ರದ ಮೇಲಿನ ಆರ್‌ಡಿ ಸಂಖ್ಯೆ ಇಲ್ಲದೆ ಹಾಸ್ಟೆಲ್ ಅರ್ಜಿಯೂ ಇಲ್ಲ, ವಿದ್ಯಾರ್ಥಿವೇತನವೂ ಇಲ್ಲ. ಜಾತಿ ಪತ್ರದಲ್ಲಿ, ಆಧಾರ್‌ನಲ್ಲಿ, ಅಂಕಪಟ್ಟಿಯಲ್ಲಿ ಹೆಸರು ಒಂದೇ ಥರ ಇದೆಯೇ ಎಂದು ಅಕ್ಷರ ಅಕ್ಷರ ಹಿಡಿದು ನೋಡು. ಒಂದು ಕಡೆ ಎಂಟು ಅಕ್ಷರ, ಇನ್ನೊಂದು ಕಡೆ ಒಂಬತ್ತು ಆಗಿದ್ದಕ್ಕೆ ವರ್ಷವಿಡೀ ಹಣ ಬಾರದವರಿದ್ದಾರೆ. ಅವಳ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು. ಪಾಸ್‌ಬುಕ್ ಇದ್ದರೆ ಸಾಲದು.

ಆಮೇಲೆ 371ಜೆ ಪ್ರಮಾಣಪತ್ರ. ನಮ್ಮ ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದದ್ದು. ಇಲ್ಲಿನ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8 ಸೀಟು ಸ್ಥಳೀಯರಿಗೆ. ಕೊಡುವವರು ಉಪವಿಭಾಗಾಧಿಕಾರಿ, ಅರ್ಜಿ ನಾಡಕಚೇರಿಯಲ್ಲೇ ಹಾಕಬಹುದು. ಸೀಟು ಹಂಚುವ ವಾರ ಓಡಿ ಬರಬೇಡಿ, ಈಗಲೇ ಮಾಡಿಸಿ.

ಕೊನೆಯದು, ಯಾರೂ ಹೇಳದೇ ಇರುವುದು. ನಿನ್ನ ತಂದೆ ಇಷ್ಟು ವರ್ಷದಿಂದ ಕಟ್ಟಡ ಕೆಲಸ ಮಾಡುತ್ತಿದ್ದಾರೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಇದೆಯೇ? ಹಿಂದಿನ ಒಂದು ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ಪ್ರಮಾಣಪತ್ರ ಕೊಟ್ಟರೆ ನೋಂದಣಿಯಾಗುತ್ತದೆ. ನೋಂದಾಯಿತ ಕಾರ್ಮಿಕರ ಮಕ್ಕಳ ಓದಿಗೆ ಸಹಾಯಧನವಿದೆ, ಕಲಿಕೆ ಭಾಗ್ಯ ಎಂದು ಹೆಸರು. ಅಪಘಾತಕ್ಕೆ, ವೃದ್ಧಾಪ್ಯಕ್ಕೂ ಇದೆ. ನಮ್ಮ ಊರಿನಲ್ಲಿ ನಿಜವಾಗಿ ಗುಳೆ ಹೋಗುವವರಲ್ಲಿ ಈ ಕಾರ್ಡ್ ಇರುವವರು ಕಡಿಮೆ. ಕಾರ್ಡ್ ಇರುವ ಕೆಲವರು ಸಿಮೆಂಟ್ ಮುಟ್ಟಿಯೇ ಇಲ್ಲ. ಹೇಗೆ ಎಂದು ಕೇಳಬೇಡ, ಕೌಂಟರಿನಲ್ಲಿ ಕೂರಬೇಕಾದವನು ನಾನು.


ಉತ್ತರ: ರಾತ್ರಿ ಪಾಳಿ

ನಾನು ಸುರಪುರದ ಕಡೆಯವಳು, ಕುರಿ ಕಾಯುವವರ ಮನೆ. ಕಲಬುರಗಿಯಲ್ಲಿ ಖಾಸಗಿ ಆಸ್ಪತ್ರೆಯೊಂದರಲ್ಲಿ ನರ್ಸ್. ಪಾಳಿ ಮುಗಿಸಿ ಬಂದು ಬರೆಯುತ್ತಿದ್ದೇನೆ, ಅಲ್ಲಲ್ಲಿ ತಪ್ಪಿದ್ದರೆ ಕ್ಷಮೆ ಇರಲಿ.

ನರ್ಸಿಂಗ್ ಬಗ್ಗೆ ಕೇಳಿದ್ದೀರಿ, ಅಣ್ಣ. ಈಗಲೇ ಸೇರುವ ಓದು ಅದಲ್ಲ, ಪಿಯುಸಿ ಆದ ಮೇಲಿನದು. ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಮೂರು ವರ್ಷ, ಬಿಎಸ್‌ಸಿ ನಾಲ್ಕು ವರ್ಷ. ಬಿಎಸ್‌ಸಿಗೆ ಪಿಯುಸಿಯಲ್ಲಿ ವಿಜ್ಞಾನ, ಅದರಲ್ಲೂ ಜೀವಶಾಸ್ತ್ರ ಇರಲೇಬೇಕು. ಅಂದರೆ ನಿಮ್ಮ ತಂದೆಯ ಕಡ್ಡಿಗೆ ಕನಿಷ್ಠ ಐದು ಗೆರೆ. ನಾನು ಜಿಎನ್‌ಎಂ ಮಾಡಿದವಳು. ಮೊದಲ ಸಂಬಳ 9,000. ಹಾಸ್ಟೆಲ್ ಊಟಕ್ಕೆ ಕಳೆದು ಮನೆಗೆ ಕಳುಹಿಸಿದ್ದು ಎರಡು ಸಾವಿರ. "ಇದಕ್ಕಾ ಕುರಿ ಮಾರಿದ್ದು" ಎಂದು ದೊಡ್ಡಪ್ಪ ಎಲ್ಲರ ಮುಂದೆ ಅಂದರು. ಆರನೇ ವರ್ಷದಲ್ಲಿ ಈಗ 27,000 ಬರುತ್ತದೆ. ತಮ್ಮನ ಐಟಿಐ ನಾನೇ ಓದಿಸಿದೆ, ಮನೆಗೆ ಆರ್‌ಸಿಸಿ ಆಯಿತು. ದೊಡ್ಡಪ್ಪ ಈಗ ಸಕ್ಕರೆ ಕಾಯಿಲೆಯ ಮಾತ್ರೆ ಯಾವುದು ಎಂದು ನನಗೇ ಫೋನ್ ಮಾಡುತ್ತಾರೆ. ನಾನು ಹಳೆಯ ಮಾತು ತೆಗೆಯುವುದಿಲ್ಲ, ಆದರೆ ಮರೆತಿಲ್ಲ.

ಇಂಗ್ಲಿಷಿನ ವಿಷಯ ಮೇಷ್ಟ್ರು ಹೇಳಿದ್ದು ಪೂರಾ ನಿಜ. ಮೊದಲ ವರ್ಷ ನಾನು ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಎಡಗಡೆ ಇಂಗ್ಲಿಷ್ ಪದ, ನಡುವೆ ಕನ್ನಡ ಲಿಪಿಯಲ್ಲಿ ಅದರ ಉಚ್ಚಾರ, ಬಲಗಡೆ ನಮ್ಮ ಮನೆಯ ಮಾತಿನಲ್ಲಿ ಅರ್ಥ ಬರೆಯುತ್ತಿದ್ದೆ. ಜಾಂಡಿಸ್ ಎಂದರೆ ಕಾಮಾಲೆ ಎಂದು ಗೊತ್ತಾದ ದಿನ ನಕ್ಕುಬಿಟ್ಟೆ, ಅದಕ್ಕೆ ಔಷಧಿ ಕೊಡುವವರ ಮನೆ ನಮ್ಮ ಓಣಿಯಲ್ಲೇ ಇತ್ತು. ಆ ನೋಟ್‌ಬುಕ್ ಆಮೇಲೆ ಐದು ಹುಡುಗಿಯರ ಕೈ ಸೇರಿ ಹರಿದುಹೋಯಿತು.

ಒಂದು ಎಚ್ಚರಿಕೆ. ನರ್ಸಿಂಗ್ ಸೀಟು ಕೊಡಿಸುತ್ತೇವೆ ಎಂದು ಊರಿಗೆ ಬರುವ ಏಜೆಂಟರನ್ನು ನಂಬಬೇಡಿ. ನಾನು ಮೊದಲು ಸೇರಿದ ಕಾಲೇಜು ಹಾಗೆ ಸೇರಿದ್ದೇ. ಮೂಲ ಅಂಕಪಟ್ಟಿ ಇಟ್ಟುಕೊಂಡರು, ಬಿಡುತ್ತೇನೆ ಎಂದಾಗ ಮೂರೂ ವರ್ಷದ ಶುಲ್ಕ ಕಟ್ಟಿ ಒಯ್ಯಿರಿ ಎಂದರು. ಅಪ್ಪ ಎರಡು ಸಲ ಬಂದು ಗೇಟಿನ ಹತ್ತಿರ ನಿಂತು ಹೋದರು. ಕೊನೆಗೆ ನಮ್ಮ ಪ್ರೌಢಶಾಲೆಯ ಟೀಚರ್ ಒಬ್ಬರು ಬಂದು ಮಾತಾಡಿದ ಮೇಲೆ ಕೊಟ್ಟರು. ಸೇರುವಾಗ ಮೂಲ ದಾಖಲೆ ತೋರಿಸಿ, ಬಿಟ್ಟು ಬರಬೇಡಿ. ಕಾಲೇಜಿಗೆ ನರ್ಸಿಂಗ್ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ನೋಡಿಯೇ ಹಣ ಕಟ್ಟಿ.

ಓದಿನ ಲಾಭ ಎಂದರೆ ಸಂಬಳ ಒಂದೇ ಎಂದು ಗಂಡಸರು ಮೂವರೂ ಲೆಕ್ಕ ಹಾಕಿದ್ದೀರಿ, ಮೇಷ್ಟ್ರು ಅದಕ್ಕೆ ಸಾಲ ಸೇರಿಸಿದರು. ನನ್ನ ಅವ್ವ ಸ್ತ್ರೀಶಕ್ತಿ ಸಂಘದಲ್ಲಿ ಹಣ ಕಟ್ಟುತ್ತಿದ್ದಳೇ ಹೊರತು ಎಂದೂ ಸಾಲ ತೆಗೆದಿರಲಿಲ್ಲ. ಪುಸ್ತಕ ಬರೆಯುವವರು ಏನು ಬರೆದುಕೊಳ್ಳುತ್ತಾರೋ ಎಂಬ ಭಯ. ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಸಂಘದ ಪುಸ್ತಕ ಬರೆಯುವ ಕೆಲಸ ನನಗೇ ಬಂತು. ಮಗಳು ಬರೆಯುತ್ತಾಳೆ ಎಂಬ ಧೈರ್ಯದ ಮೇಲೆ ಅವ್ವ ಮೊದಲ ಸಲ ಎಂಟು ಸಾವಿರ ಸಾಲ ತೆಗೆದು ನಾಲ್ಕು ಮರಿ ತಂದಳು. ಸಂಬಳ ಬರುವುದಕ್ಕೂ ಎಷ್ಟೋ ವರ್ಷ ಮೊದಲಿನ ಮಾತು ಇದು.

ಮದುವೆಯ ಮಾತಿಗೆ ನಾನೊಂದು ಸುಳ್ಳು ಹೇಳಿದ್ದೆ. ನಿಶ್ಚಯವಾದ ಹುಡುಗಿಯರನ್ನು ಹಾಸ್ಟೆಲಿನಲ್ಲಿ ಇಟ್ಟುಕೊಳ್ಳುವುದಿಲ್ಲ, ಹೆಸರು ತೆಗೆಯುತ್ತಾರೆ ಎಂದು. ಅಂಥ ನಿಯಮ ಇಲ್ಲ. ಐದು ವರ್ಷ ಕೆಲಸಕ್ಕೆ ಬಂತು. ಬೇಕಿದ್ದರೆ ತಂಗಿಗೆ ಹೇಳಿಕೊಡಿ.

ಅಂದ ಹಾಗೆ, ಅಣ್ಣ, ಇಷ್ಟು ಉದ್ದ ಬರೆದಿದ್ದೀರಿ. ಅವಳಿಗೆ ಏನು ಓದಬೇಕೆಂದಿದೆ ಎಂದು ಎಲ್ಲೂ ಇಲ್ಲವಲ್ಲ?


ಮತ್ತೆ: ಮುತ್ಯಾನ ಮೊಮ್ಮಗ

ಮೂವರಿಗೂ ಶರಣು. ಉತ್ತರಿಸಲು ಹನ್ನೆರಡು ದಿನ ತಡವಾಯಿತು, ರಜೆ ಹಾಕಿ ಊರಿಗೆ ಹೋಗಿದ್ದೆ.

ಗುರುಗಳೇ, ನಿಮ್ಮ ಅನುಮಾನ ಸರಿ. ಇಎಸ್‌ಐ ಹಿಡಿಯುತ್ತಾರೆ, ಅಪ್ಪ ಅವ್ವನ ಹೆಸರು ಸೇರಿಸಿರಲಿಲ್ಲ. ಕಳೆದ ಬೇಸಿಗೆಯಲ್ಲಿ ಅವ್ವನ ಹೊಟ್ಟೆನೋವಿಗೆ 14,000 ಕೈಯಿಂದ ಕೊಟ್ಟಿದ್ದೇವೆ. ಈಗ ಅರ್ಜಿ ಹಾಕಿದ್ದೇನೆ. ಇದನ್ನು ಅಪ್ಪನಿಗೆ ಇನ್ನೂ ಹೇಳಿಲ್ಲ.

18,000ದ ಲೆಕ್ಕ ಹೇಳಿದೆ. ಒಪ್ಪಲಿಲ್ಲ, ಒಪ್ಪದೆಯೂ ಇರಲಿಲ್ಲ. "ಅದು ಬಂದ ದುಡ್ಡಲ್ಲ, ಹೋಗದೆ ಉಳಿದ ದುಡ್ಡು" ಎಂದ. ಸ್ವಲ್ಪ ಹೊತ್ತು ಬಿಟ್ಟು, ಮೇಸ್ತ್ರಿಯ ಪುಸ್ತಕದಲ್ಲಿ ತನ್ನ ಹಾಜರಿ ಎಷ್ಟಿದೆ ನೋಡಿ ಬಾ ಎಂದು ನನ್ನನ್ನು ಕಳುಹಿಸಿದ. ಈ ಆರು ತಿಂಗಳಲ್ಲಿ ಆರು ಹಾಜರಿ ಕಡಿಮೆ ಇತ್ತು. ಮೇಸ್ತ್ರಿ ಜಗಳವಾಡದೆ ಬರೆದುಕೊಂಡರು, ದಿನಕ್ಕೆ 750ರಂತೆ 4,500. ನಾನು ಎರಡು ವರ್ಷದಿಂದ ಇದೇ ಬೆಂಗಳೂರಿನಲ್ಲಿದ್ದೇನೆ, ಪ್ರತಿ ತಿಂಗಳು ಆ ಶೆಡ್ಡಿಗೆ ಹೋಗಿದ್ದೇನೆ. ಒಂದು ಸಲವೂ ಆ ಪುಸ್ತಕ ಕೇಳಿರಲಿಲ್ಲ. ಅಪ್ಪನೂ ಕೇಳು ಎಂದಿರಲಿಲ್ಲ.

ಅಕ್ಕ, ನಿಮ್ಮ ಕೊನೆಯ ಪ್ರಶ್ನೆಗೆ ನಾಚಿಕೆಯಾಯಿತು. ತಂಗಿಯನ್ನು ಯಾರೂ ಕೇಳಿರಲಿಲ್ಲ. ಕೇಳಿದಾಗ ಅವಳು ಒಲೆಯ ಮುಂದಿನಿಂದ ಏಳದೆಯೇ ಹೇಳಿದಳು, ನರ್ಸಿಂಗ್ ಬೇಡ, ರಕ್ತ ಕಂಡರೆ ಆಗುವುದಿಲ್ಲ, ಸಿವಿಲ್ ಡಿಪ್ಲೊಮಾ ಬೇಕು. ಎಲ್ಲಿಂದ ಬಂತು ಇದು ಎಂದರೆ, ಹದ್ದುಬಸ್ತು ಅಳತೆಯ ದಿನ ಸರ್ವೇಯರ್ ಜೊತೆ ಟೇಪಿನ ಇನ್ನೊಂದು ತುದಿ ಹಿಡಿದವಳು ಅವಳೇ. ನಾನು ಮರೆತೇಬಿಟ್ಟಿದ್ದೆ. ಆಗ ಏಳನೇ ತರಗತಿ. ಸರ್ವೇಯರ್ ಕಾಗದ ನೋಡಿ "ಇಲ್ಲಿ ಅಗೆಯಿರಿ" ಎಂದ ಕಡೆ ಅಗೆದಾಗ, ಮುತ್ಯಾನ ಕಾಲದ ಗಡಿಕಲ್ಲು ಮಣ್ಣಿನೊಳಗೇ ಸಿಕ್ಕಿತ್ತಂತೆ. ಹೊಲ ನೋಡದೆಯೇ ಕಲ್ಲು ಎಲ್ಲಿದೆ ಎಂದು ಅವರಿಗೆ ಹೇಗೆ ಗೊತ್ತಾಯಿತು ಎಂದು ನಾಲ್ಕು ವರ್ಷದಿಂದ ಯೋಚಿಸುತ್ತಿದ್ದಾಳೆ.

ಅಪ್ಪನಿಗೂ ಇದು ಕಿವಿಗೆ ಬಿತ್ತು. ಸಿವಿಲ್ ಎಂದರೆ ನಾವು ಮಾಡುವ ಕೆಲಸವೇ ಅಲ್ಲವೇ ಎಂದ. ಹೌದು, ಆದರೆ ನಕ್ಷೆ ಹಿಡಿದುಕೊಂಡು ನಿಲ್ಲುತ್ತಾರಲ್ಲ, ಅವರ ಕೆಲಸ ಎಂದೆ. ನಗಲಿಲ್ಲ. ರಾಯಚೂರಿನ ಹಾಸ್ಟೆಲಿನಿಂದ ಕಾರ ಹುಣ್ಣಿಮೆಗೆ ಮನೆಗೆ ಬಿಡುತ್ತಾರೆಯೇ ಎಂದು ಕೇಳಿದ. ಇದನ್ನು ಒಪ್ಪಿಗೆ ಎಂದು ಓದಿಕೊಂಡು ಸರ್ಕಾರಿ ಪಾಲಿಟೆಕ್ನಿಕ್‌ಗೆ ಅರ್ಜಿ ಹಾಕಿದ್ದೇವೆ. ಆದಾಯ ಪತ್ರದ ಅವಧಿ ಮುಗಿದಿತ್ತು, ಲ್ಯಾಮಿನೇಷನ್ ಹೊಳೆಯುತ್ತಿತ್ತು. 371ಜೆ ಅರ್ಜಿಯೂ ಹೋಗಿದೆ.

ಇನ್ನೆರಡು ಸಹಾಯ ಬೇಕು. ಲೇಬರ್ ಕಾರ್ಡಿಗೆ 90 ದಿನದ ಪ್ರಮಾಣಪತ್ರಕ್ಕೆ ಸಹಿ ಹಾಕಲು ಮೇಸ್ತ್ರಿ ಹಿಂದೆ ಮುಂದೆ ನೋಡುತ್ತಿದ್ದಾರೆ, ಹಾಜರಿ ಕೊಟ್ಟಷ್ಟು ಸುಲಭವಾಗಿ ಸಹಿ ಕೊಡುವುದಿಲ್ಲವಂತೆ. ಬೇರೆ ಯಾರಿಂದ ಮಾಡಿಸಬಹುದು ಎಂದು ಕೌಂಟರಿನ ಅಣ್ಣ ತಿಳಿಸಬೇಕು. ಇನ್ನೊಂದು, ಡಿಪ್ಲೊಮಾ ಮೊದಲ ಸೆಮಿಸ್ಟರಿನ ಗಣಿತದ ಹಳೆಯ ಪುಸ್ತಕ ಯಾರ ಹತ್ತಿರವಾದರೂ ಇದ್ದರೆ ಹೇಳಿ, ಅಂಚೆ ಖರ್ಚು ನಾನು ಕೊಡುತ್ತೇನೆ. ತರಗತಿ ಶುರುವಾಗುವ ಮೊದಲೇ ಪದಗಳನ್ನು ಮೂರು ಸಾಲಿನಲ್ಲಿ ಬರೆದುಕೊಳ್ಳುತ್ತಾಳಂತೆ. ಇನ್ನೂರು ಪುಟದ ನೋಟ್‌ಬುಕ್ ಆಗಲೇ ತರಿಸಿಕೊಂಡಿದ್ದಾಳೆ.